ಕ್ಯಾನ್ಸರ್ ಪೀಡಿತ ಗೆಳತಿಗಾಗಿ ತಲೆ ಬೋಳಿಸಿಕೊಂಡ ಬಾಲಕಿಯನ್ನು ಶಾಲೆ ಏಕೆ ಹೊರಗಿಟ್ಟಿತು?

ಶಾಲೆಯ ನಿಯಮವು ಬೋಳಾದ ತಲೆಯನ್ನು ನೋಡುತ್ತದೆಯೇ ಹೊರತು ಬೋಳಿಸಿಕೊಂಡ ಕಾರಣವನ್ನಲ್ಲ ಎಂಬುದೇ ನೇರ ಉತ್ತರ. 2014ರ ಮಾರ್ಚ್‌ನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಗ್ರ್ಯಾಂಡ್ ಜಂಕ್ಷನ್‌ ಪಟ್ಟಣದಲ್ಲಿ, ಕೀಮೋಥೆರಪಿಯಿಂದ ಕೂದಲು ಕಳೆದುಕೊಂಡಿದ್ದ 11 ವರ್ಷದ ಗೆಳತಿಗೆ ಒಂಟಿತನ ಕಾಡಬಾರದೆಂದು 9 ವರ್ಷದ ಬಾಲಕಿಯೊಬ್ಬಳು ತಲೆ ಬೋಳಿಸಿಕೊಂಡಾಗ, ಬೋಳುತಲೆಯನ್ನು ನಿಷೇಧಿಸಿದ್ದ ಅವಳ ಶಾಲೆಯು ಅವಳನ್ನು ತರಗತಿಗೆ ಸೇರಿಸಲಿಲ್ಲ.

ಇಂಥ ನಿಯಮಗಳನ್ನು ಬೇಕೆಂದೇ ಹೊರರೂಪಕ್ಕೆ ಸೀಮಿತಗೊಳಿಸಲಾಗುತ್ತದೆ. ಕೂದಲಿನ ಉದ್ದವನ್ನು ಯಾವ ಶಿಕ್ಷಕರಾದರೂ ಬಾಗಿಲಲ್ಲೇ ನಿಂತು ನೋಡಿ ಹೇಳಬಹುದು. ಉದ್ದೇಶವನ್ನು ಅಳೆಯಲು ಹೊರಟರೆ ಪ್ರತಿಯೊಂದು ಮಗುವಿನ ವಿವರಣೆಯನ್ನೂ ಕೇಳಿ ತೀರ್ಪು ಕೊಡಬೇಕಾಗುತ್ತದೆ, ಒಬ್ಬರಿಗೆ ಒಪ್ಪಿದ್ದನ್ನು ಇನ್ನೊಬ್ಬರಿಗೆ ನಿರಾಕರಿಸಿದರೆ ಪಕ್ಷಪಾತದ ದೂರು ಬರುತ್ತದೆ. ಹಾಗೆಂದು ಎಲ್ಲ ನಿಯಮಭಂಗವೂ ಒಂದೇ ಅಲ್ಲ: ಬಣ್ಣ ತಪ್ಪಿದ ಅಂಗಿಯನ್ನು ಮನೆಗೆ ಹೋಗಿ ಬದಲಿಸಿಕೊಂಡು ಬರಬಹುದು, ಬೋಳಿಸಿದ ಕೂದಲು ಮರುದಿನಕ್ಕೆ ಬೆಳೆಯುವುದಿಲ್ಲವಾದ್ದರಿಂದ ಇಲ್ಲಿ ಶಿಕ್ಷೆಯಿಂದ ತಿದ್ದುವಂಥದ್ದೇನೂ ಇರಲಿಲ್ಲ.

ವಿನಾಯಿತಿ ಕೊಡುವ ಅಧಿಕಾರ ಇರುವುದು ಬಾಗಿಲಲ್ಲಿ ನಿಂತ ಶಿಕ್ಷಕರಿಗಲ್ಲ, ಆಡಳಿತ ಮಂಡಳಿಗೆ. ವ್ಯಾಪಕ ಟೀಕೆಯ ನಂತರ ಆ ಶಾಲೆಯ ಮಂಡಳಿಯು ವಿಶೇಷ ಸಭೆ ಸೇರಿ, ಬಹುಮತದಿಂದ ಬಾಲಕಿಗೆ ವಿನಾಯಿತಿ ನೀಡಿತು.