ಎಬ್ಲೆಸ್ಕೀವರ್ ಮಾಡಲು ಪಡ್ಡಿನ ಹಂಚು ಸಾಕೇ?

ಈ ಡಿಸೆಂಬರ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್‌ಮಸ್ ತಿಂಡಿಗಳನ್ನು ಮನೆಯಲ್ಲೇ ಮಾಡುವ ಆಸೆಯಿದೆ, ಆದರೆ ಪಡ್ಡಿನಂತೆ ದುಂಡಗಿರುವ ಅಲ್ಲಿನ ಸಿಹಿ ತಿಂಡಿ ಎಬ್ಲೆಸ್ಕೀವರ್ ಮಾಡುವ ಗುಳಿಗಳ ಹಂಚು ಎಲ್ಲಿಯೂ ಸಿಗುತ್ತಿಲ್ಲ ಎಂದು ದಾವಣಗೆರೆಯಿಂದ ಬರೆದಿದ್ದೀರಿ. ಹುಡುಕಾಟ ನಿಲ್ಲಿಸಿ. ನಿಮ್ಮ ಅಡುಗೆಮನೆಯ ಪಡ್ಡಿನ ಹಂಚೇ ಸಾಕು.

ನಾನು ಡೆನ್ಮಾರ್ಕಿನ ಓರ್ಹುಸ್ ನಗರಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ಕಪಾಟಿನಿಂದ ಎರಕದ ಕಬ್ಬಿಣದ ಹಂಚೊಂದನ್ನು ತೆಗೆದು ಒಲೆಯ ಮೇಲಿಟ್ಟಾಗ ನನ್ನ ಕಣ್ಣು ತುಂಬಿತ್ತು. ಅದರಲ್ಲಿ ಏಳು ಗುಳಿಗಳು. ನಮ್ಮಮ್ಮ ಪಡ್ಡು ಹಾಕುತ್ತಿದ್ದ ಹಂಚಿಗೂ ಅದಕ್ಕೂ ಇದ್ದ ವ್ಯತ್ಯಾಸ ಒಂದೇ: ಗುಳಿ ಸ್ವಲ್ಪ ದೊಡ್ಡದು. ನಿಮ್ಮ ಹಂಚಿನಲ್ಲಿ ಉಂಡೆಗಳು ಚಿಕ್ಕದಾಗಿ ಬರುತ್ತವೆ, ಬೇಗ ಬೇಯುತ್ತವೆ. ಅಷ್ಟೇ.

ಎಬ್ಲೆಸ್ಕೀವರ್ ಎಂದರೆ ಸೇಬಿನ ಹೋಳುಗಳು ಎಂದರ್ಥ. ಹಿಂದೆ ಒಳಗೆ ಸೇಬು ಇರುತ್ತಿತ್ತು. ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ.

ಹಿಟ್ಟಿಗೆ ಮೈದಾ 250 ಗ್ರಾಂ, ಮೊಟ್ಟೆ 3, ಸಕ್ಕರೆ ಒಂದು ದೊಡ್ಡ ಚಮಚ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ, ಚಿಟಿಕೆ ಉಪ್ಪು, ಕರಗಿಸಿದ ಬೆಣ್ಣೆ 50 ಗ್ರಾಂ. ಮಜ್ಜಿಗೆ 350ರಿಂದ 400 ಮಿಲಿಲೀಟರ್ ಬೇಕು. ಅದು ನಾವು ಊಟದ ಕೊನೆಗೆ ಕುಡಿಯುವ ನೀರು ಮಜ್ಜಿಗೆಯಲ್ಲ, ಹುಳಿ ಮೊಸರಿಗೆ ಸ್ವಲ್ಪವೇ ನೀರು ಹಾಕಿ ಕಡೆದ ಗಟ್ಟಿ ಮಜ್ಜಿಗೆ. ಆ ಹುಳಿ ಸೋಡಾದೊಂದಿಗೆ ಸೇರಿದಾಗಲೇ ಹಿಟ್ಟಿನಲ್ಲಿ ಗುಳ್ಳೆ ಏಳುವುದು. ಇಲ್ಲಿನ ಪಾಕವಿಧಾನಗಳಲ್ಲಿ ಏಲಕ್ಕಿ ಪುಡಿ ಒಂದು ಚಿಕ್ಕ ಚಮಚ ಎಂದಿರುತ್ತದೆ. ಅದು ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಪುಡಿಯ ಲೆಕ್ಕ. ಸಕಲೇಶಪುರದ್ದೋ ಕೊಡಗಿನದೋ ಏಲಕ್ಕಿಯನ್ನು ಆಗಷ್ಟೇ ಕುಟ್ಟಿ ಹಾಕುವವರಿಗೆ ಅದರ ಅರ್ಧ ಸಾಕು. ನಿಂಬೆಯ ಸಿಪ್ಪೆಯ ಹಳದಿ ಮೇಲ್ಪದರವನ್ನು ಮಾತ್ರ ತುರಿದು ಸೇರಿಸಿ, ಬಿಳಿ ಭಾಗ ಬಂದರೆ ಕಹಿಯಾಗುತ್ತದೆ.

ಮೊಟ್ಟೆಯ ಹಳದಿಯನ್ನು ಮಜ್ಜಿಗೆಯೊಂದಿಗೆ ಕಲಸಿ, ಉಳಿದದ್ದನ್ನೆಲ್ಲ ಸೇರಿಸಿ. ಬಿಳಿಯನ್ನು ಬೇರೆಯಾಗಿ ನೊರೆ ಗಟ್ಟಿಯಾಗುವವರೆಗೆ ಕಡೆದು ಕೊನೆಯಲ್ಲಿ ಹಗುರವಾಗಿ ಬೆರೆಸಿ. ಪಡ್ಡಿನ ಹಿಟ್ಟನ್ನು ರಾತ್ರಿಯಿಡೀ ಹುದುಗಲು ಬಿಟ್ಟು ಅಭ್ಯಾಸವಾದ ಕೈಗಳಿಗೆ ಇಲ್ಲಿ ಎಚ್ಚರ ಬೇಕು: ನೊರೆ ಸೇರಿದ ಮೇಲೆ ಹಿಟ್ಟನ್ನು ಹಾಗೇ ಇಡಬಾರದು, ಕೂಡಲೇ ಹಂಚಿಗೆ ಹಾಕಬೇಕು. ಹಂಚು ಅಷ್ಟರಲ್ಲಿ ಕಾದಿರಲಿ.

ನಿಜವಾದ ಕೌಶಲ ಇರುವುದು ತಿರುಗಿಸುವುದರಲ್ಲಿ. ಪಡ್ಡಿನಂತೆ ಮುಚ್ಚಳ ಮುಚ್ಚಿ, ಒಂದೇ ಸಲ ಮಗುಚಿದರೆ ಇದು ಎಬ್ಲೆಸ್ಕೀವರ್ ಆಗುವುದಿಲ್ಲ. ಗುಳಿಗೆ ಬೆಣ್ಣೆ ಹಾಕಿ, ಮುಕ್ಕಾಲು ಭಾಗ ಹಿಟ್ಟು ತುಂಬಿ, ಅಂಚು ಗಟ್ಟಿಯಾದ ಕೂಡಲೇ ಕಾಲು ಸುತ್ತು ಮಾತ್ರ ತಿರುಗಿಸಿ. ಮೇಲಿದ್ದ ಹಸಿ ಹಿಟ್ಟು ಕೆಳಗೆ ಹರಿದು ಹೊಸ ಗೋಡೆ ಕಟ್ಟುತ್ತದೆ. ಮತ್ತೆ ಕಾಲು ಸುತ್ತು. ಕೊನೆಗೆ ಬಾಯಿ ಮುಚ್ಚಿ ಪೂರ್ತಿ ದುಂಡಗಾಗುತ್ತದೆ. ಅಜ್ಜಿ ಇದಕ್ಕೆ ಹೆಣಿಗೆ ಕಡ್ಡಿ ಬಳಸುತ್ತಿದ್ದರು, ಇಲ್ಲಿ ಅದೇ ರೂಢಿ. ನಿಮ್ಮದು ನಾನ್‌ಸ್ಟಿಕ್ ಹಂಚಾದರೆ ಮರದ ಕಡ್ಡಿ ಇರಲಿ. ಉರಿ ಮಧ್ಯಮಕ್ಕಿಂತ ಕಡಿಮೆ. ನನ್ನ ಮೊದಲ ಎರಡು ಸರದಿ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿದದ್ದು ಉರಿ ಹೆಚ್ಚಿದ್ದರಿಂದಲೇ. ಬಿಸಿ ಇರುವಾಗಲೇ ಪುಡಿ ಸಕ್ಕರೆ ಮತ್ತು ಸ್ಟ್ರಾಬೆರಿ ಜಾಮ್ ಜೊತೆ ತಿನ್ನಬೇಕು. ಇಲ್ಲಿ ಈಗ ಅನೇಕರು ಫ್ರೀಜರ್‌ನಿಂದ ತೆಗೆದು ಓವನ್‌ನಲ್ಲಿ ಬಿಸಿ ಮಾಡುತ್ತಾರೆ. ಆ ರುಚಿಗೂ ಹಂಚಿನಿಂದ ನೇರ ತಟ್ಟೆಗೆ ಬಂದದ್ದರ ರುಚಿಗೂ ಹೋಲಿಕೆಯೇ ಇಲ್ಲ.

ಕ್ಲೈನರ್ ಎಂಬ ಇಲ್ಲಿನ ಕರಿದ ಕ್ರಿಸ್‌ಮಸ್ ತಿಂಡಿ ನಿಮಗೆ ಇನ್ನೂ ಸುಲಭ, ಅದು ಶಂಕರಪೋಳಿಯ ಹತ್ತಿರದ ಬಂಧು. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ಏಲಕ್ಕಿಯ ಹಿಟ್ಟನ್ನು ತಣ್ಣಗೆ ಇಟ್ಟು, ಲಟ್ಟಿಸಿ, ವಜ್ರಾಕಾರವಾಗಿ ಕತ್ತರಿಸಿ, ನಡುವೆ ಸೀಳು ಮಾಡಿ, ಒಂದು ತುದಿಯನ್ನು ಆ ಸೀಳಿನೊಳಗಿಂದ ಎಳೆದು ಕರಿಯುವುದು. ಇಲ್ಲಿ ಕರಿಯಲು ವಾಸನೆಯಿಲ್ಲದ ಗಟ್ಟಿ ತೆಂಗಿನ ಕೊಬ್ಬು ಸಿಗುತ್ತದೆ. ಗಾಣದ ಕೊಬ್ಬರಿ ಎಣ್ಣೆ ಬೇಡ, ಏಲಕ್ಕಿಯ ಪರಿಮಳವನ್ನು ಅದು ನುಂಗಿಬಿಡುತ್ತದೆ.

ಡಿಸೆಂಬರ್ 24ರ ರಾತ್ರಿಯ ಊಟಕ್ಕೆ ರಿಸಲಮಾಂಗ್ ಎಂಬ, ಅಕ್ಕಿ ಮತ್ತು ಕೆನೆಯ ತಣ್ಣನೆಯ ಸಿಹಿ ಮಾಡಿ. ಒಂದು ಲೀಟರ್ ಗಟ್ಟಿ ಹಾಲಿಗೆ 200 ಗ್ರಾಂ ಅಕ್ಕಿ ಹಾಕಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಮುಕ್ಕಾಲು ಗಂಟೆ ಬೇಯಿಸಿ. ಬಾಸ್ಮತಿ ಬೇಡ, ಬೆಂದಾಗ ಅಂಟುವ ಗಿಡ್ಡ ಅಕ್ಕಿ ಬೇಕು. ಇಲ್ಲಿ 23ರಂದು ಬಿಸಿ ಗಂಜಿಯಾಗಿ ಉಂಡು ಉಳಿದದ್ದನ್ನೇ ಮರುದಿನ ಬಳಸುವ ಮನೆಗಳು ಬಹಳ. ತಣ್ಣಗಾದ ಮೇಲೆ ಕಡೆದ ಕೆನೆ, ವೆನಿಲಾ, ಸಕ್ಕರೆ, ಸಣ್ಣಗೆ ಹೆಚ್ಚಿದ ಬಾದಾಮಿ ಬೆರೆಸಿ. ಮೇಲೆ ಬಿಸಿ ಚೆರ್ರಿ ಸಾಸ್. ಬೇಕರಿಯ ಕೆಂಪು ಚೆರ್ರಿ ಮಾತ್ರ ಹಾಕಬೇಡಿ, ಅದು ಬಹುತೇಕ ಬಣ್ಣ ಹಾಕಿ ಪಾಕದಲ್ಲಿ ಅದ್ದಿದ ಕವಳಿ ಕಾಯಿ. ಡಬ್ಬಿಯ ಚೆರ್ರಿ ತಂದು, ಅದರ ರಸದಲ್ಲಿ ಎರಡು ಪುನರ್ಪುಳಿ (ಕೋಕಂ) ಸಿಪ್ಪೆ ಕುದಿಸಿ ತೆಗೆದರೆ ಇಲ್ಲಿನ ಹುಳಿ ಚೆರ್ರಿಯ ರುಚಿ ಹತ್ತಿರ ಬರುತ್ತದೆ. ಉಡುಪಿಯಲ್ಲಿರುವ ನನ್ನ ತಂಗಿ ಹಾಗೆಯೇ ಮಾಡುತ್ತಾಳೆ.

ಒಂದು ಬಾದಾಮಿಯನ್ನು ಸಿಪ್ಪೆ ಸುಲಿದು ಇಡಿಯಾಗಿ ಒಳಗೆ ಹುದುಗಿಸಿ. ಅದು ಸಿಕ್ಕವರಿಗೆ ಉಡುಗೊರೆ, ಇಲ್ಲಿ ಹೆಚ್ಚಾಗಿ ಮಾರ್ಜಿಪಾನ್‌ನ, ಅಂದರೆ ಬಾದಾಮಿ ಮತ್ತು ಸಕ್ಕರೆಯ ಮಿಠಾಯಿಯ, ಪುಟ್ಟ ಹಂದಿ. ಸಿಕ್ಕವರು ಕೆನ್ನೆಯೊಳಗೆ ಅಡಗಿಸಿಟ್ಟು ಸುಮ್ಮನಿರುತ್ತಾರೆ, ಉಳಿದವರು ಪಾತ್ರೆ ಖಾಲಿಯಾಗುವವರೆಗೂ ತಿನ್ನುತ್ತಾರೆ. ಮನೆಯಲ್ಲಿ ತೀರಾ ಚಿಕ್ಕ ಮಕ್ಕಳಿದ್ದರೆ ಅವರ ಪಾಲನ್ನು ಬಾದಾಮಿ ಹಾಕುವ ಮೊದಲೇ ಬೇರೆ ತೆಗೆದಿಡಿ.