ಡಬಲ್ ಡ್ಯೂಟಿಗೆ 300 ರೂಪಾಯಿ ಕೊಟ್ಟರೆ ಮುಗಿಯಿತಾ?

ಪ್ರಶ್ನೆ: ನಾನು 120 ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐಸಿಯು ಸ್ಟಾಫ್ ನರ್ಸ್. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆಗಿದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 18,200 ರೂಪಾಯಿ. ರಾತ್ರಿ 8ಕ್ಕೆ ಬಂದು ಬೆಳಿಗ್ಗೆ 8ಕ್ಕೆ ಹೊರಡುವ ಹೊತ್ತಿಗೆ "ಮಾರ್ನಿಂಗ್ ಸ್ಟಾಫ್ ಬಂದಿಲ್ಲ, 2 ಗಂಟೆ ತನಕ ಅಡ್ಜಸ್ಟ್ ಮಾಡ್ಕೋ" ಅಂತಾರೆ. ಇದು ವಾರಕ್ಕೊಮ್ಮೆಯಾದರೂ ಇದ್ದೇ ಇದೆ. ಅದಕ್ಕೆ 300 ರೂಪಾಯಿ ಕೊಡುತ್ತಾರೆ, ಇಲ್ಲ ಕಾಂಪ್ ಆಫ್ (ಬದಲಿ ರಜೆ) ಬರೆದುಕೊಳ್ಳುತ್ತಾರೆ. ಆ ಆಫ್ ಕೇಳಿದರೆ ಮತ್ತೆ ಸ್ಟಾಫ್ ಇಲ್ಲ. ಆಗಲ್ಲ ಅಂದರೆ ನರ್ಸಿಂಗ್ ಕೌನ್ಸಿಲ್‌ಗೆ ಬರೀತೀವಿ ಅಂತ ಹೆದರಿಸುತ್ತಾರೆ. ನನ್ನ ಒರಿಜಿನಲ್ ಸರ್ಟಿಫಿಕೇಟ್‌ಗಳೂ ಅವರ ಹತ್ತಿರವೇ ಇವೆ. ಏನು ಮಾಡಲಿ?
- ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸಿಸ್ಟರ್, ಮೊದಲು ಆ ಹೆದರಿಕೆಯ ವಿಷಯ ಮುಗಿಸೋಣ. ನಿಮ್ಮ ಡ್ಯೂಟಿ ಮುಗಿದಿದೆ, ಹ್ಯಾಂಡ್‌ಓವರ್ ತಗೊಳ್ಳೋಕೆ ಇನ್ನೊಬ್ಬ ನರ್ಸ್ ಇದ್ದಾರೆ. ಆಗ ನೀವು ಮುಂದಿನ ಶಿಫ್ಟ್ ಮಾಡಲ್ಲ ಅಂದರೆ ಅದು ರೋಗಿಯನ್ನು ಕೈಬಿಟ್ಟ ಹಾಗೆ ಆಗಲ್ಲ. ಆದರೆ ಯಾರೂ ಇಲ್ಲದಾಗ ವೆಂಟಿಲೇಟರ್ ಮೇಲಿರುವವರನ್ನು ಬಿಟ್ಟು ಹೊರಟರೆ ತಪ್ಪು, ಅಲ್ಲಿ ನಾನೂ ನಿಮ್ಮ ಪರ ಮಾತಾಡಲ್ಲ. ನೀವು ಹಾಗೆ ಹೋಗಲ್ಲ ಅಂತ ಆಡಳಿತದವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಬೆಳಿಗ್ಗೆ 7:55ರ ತನಕ ಬಾಯಿ ಬಿಡಲ್ಲ.

ಹಾಗಾಗಿ ನೀವೇ ಮುಂಚೆ ಕೇಳಿ. ಬೆಳಿಗ್ಗೆ 7ಕ್ಕೆ ಇನ್‌ಚಾರ್ಜ್ ಸಿಸ್ಟರ್‌ಗೂ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೂ ಒಂದು ವಾಟ್ಸಾಪ್ ಹಾಕಿ: "8ಕ್ಕೆ ನನ್ನ ನೈಟ್ ಮುಗಿಯುತ್ತದೆ, ನನ್ನ ಹತ್ತಿರ ಇಷ್ಟು ರೋಗಿಗಳಿದ್ದಾರೆ, ರಿಲೀವರ್ ಯಾರು?" ಆಮೇಲೆ ನಿಲ್ಲಲೇಬೇಕಾಗಿ ಬಂದರೆ ಇನ್ನೊಂದು: "ನೀವು ಹೇಳಿದಂತೆ 2ರ ತನಕ ಇರುತ್ತಿದ್ದೇನೆ, 12 ಗಂಟೆ ಆಗಲೇ ಆಗಿದೆ, ದಣಿದಿದ್ದೇನೆ." ಜಗಳದ ದನಿ ಬೇಡ. ಫೋನಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರಲ್ಲ, ಮೆಸೇಜ್ ಉಳಿಯುತ್ತೆ. ಪಂಚ್ ಔಟ್ ಕೂಡ ನಿಜವಾಗಿ ಹೊರಡುವಾಗಲೇ ಮಾಡಿ. 8ಕ್ಕೇ ಪಂಚ್ ಮಾಡಿಸಿ ಆಮೇಲೆ ಕೆಲಸ ಮಾಡಿಸುವ ಕಡೆಗಳೂ ಇವೆ, ಅದಕ್ಕೆ ಮಾತ್ರ ಒಪ್ಪಬೇಡಿ. ಮನೆಯಲ್ಲೊಂದು ಡೈರಿ ಇಟ್ಟು ತಾರೀಖು, ಬಂದ ಹೊತ್ತು, ಹೋದ ಹೊತ್ತು ಬರೆಯಿರಿ, ರೋಸ್ಟರ್‌ನ ಫೋಟೋ ಇಟ್ಟುಕೊಳ್ಳಿ. ರೋಗಿಯ ಕೇಸ್ ಶೀಟ್ ಫೋಟೋ ಮಾತ್ರ ತೆಗೆಯಬೇಡಿ, ಅದು ತಿರುಗಿ ನಿಮಗೇ ಕುತ್ತು ತರುತ್ತೆ.

ಈಗ ದುಡ್ಡಿನ ಮಾತು. ತುಂಬಾ ಜನ, ಕೆಲವು ವಕೀಲರೂ ಸೇರಿ, ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತೋರಿಸಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಾರೆ. 1961ರ ಆ ಕಾಯ್ದೆಯ 3ನೇ ಸೆಕ್ಷನ್ ರೋಗಿಗಳ ಆರೈಕೆ ಮಾಡುವ ಸಂಸ್ಥೆಗಳನ್ನು ಹೊರಗೇ ಇಟ್ಟಿದೆ. ಎಚ್‌ಆರ್‌ಗೆ ಇದು ಗೊತ್ತಿರುತ್ತೆ, ಅದನ್ನು ಹಿಡಿದುಕೊಂಡು ಹೋದರೆ ಒಂದೇ ಮಾತಲ್ಲಿ ವಾಪಸ್ ಕಳಿಸುತ್ತಾರೆ. ನೀವು ಹಿಡಿಯಬೇಕಾದ್ದು 2019ರ ವೇತನ ಸಂಹಿತೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ, ಹಳೆಯ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ ಬಂದಿದೆ. ಅದರ 14ನೇ ಸೆಕ್ಷನ್ ಪ್ರಕಾರ ದಿನದ ಮಾಮೂಲಿ ಅವಧಿ ಮೀರಿ ದುಡಿದ ಪ್ರತಿ ಗಂಟೆಗೂ, ಗಂಟೆಯ ಭಾಗಕ್ಕೂ, ಕನಿಷ್ಠ ಎರಡು ಪಟ್ಟು ಕೂಲಿ ಕೊಡಬೇಕು.

ನಿಮ್ಮ ಲೆಕ್ಕ ಹಾಕೋಣ. 18,200 ಅನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 700. ದಿನಕ್ಕೆ 8 ಗಂಟೆ ಅಂತ ಹಿಡಿದರೆ ಗಂಟೆಗೆ 87 ರೂಪಾಯಿ 50 ಪೈಸೆ, ಎರಡು ಪಟ್ಟು ಅಂದರೆ 175. ನೀವು ಹೆಚ್ಚಿಗೆ ನಿಂತ 6 ಗಂಟೆಗೆ 1,050 ರೂಪಾಯಿ ಆಗುತ್ತೆ. ಅವರು ಕೊಡುತ್ತಿರೋದು 300. ನೈಟ್ ಡ್ಯೂಟಿಯೇ 12 ಗಂಟೆ ಅಲ್ವಾ, ಅದರ ಕಥೆ ಏನು ಅಂತ ನೀವು ಕೇಳಬಹುದು. ಅದನ್ನು ಮಾರ್ನಿಂಗ್, ಈವ್ನಿಂಗ್ 6 ಗಂಟೆಯಂತೆ ಇಟ್ಟು, ನೈಟ್ ಆಫ್ ಕೊಟ್ಟು ಸರಿದೂಗಿಸಿದ್ದೇವೆ ಅಂತ ವಾದ ಮಾಡುತ್ತಾರೆ. ಸದ್ಯ ಆ ಜಗಳ ಪಕ್ಕಕ್ಕಿಡಿ, ಬೆಳಿಗ್ಗೆ 8ರ ನಂತರದ 6 ಗಂಟೆಗೆ ಅವರ ಹತ್ತಿರ ಯಾವ ಉತ್ತರವೂ ಇಲ್ಲ.

ಕ್ಲೇಮ್ ಹಾಕೋಕೆ 3 ವರ್ಷದ ಅವಕಾಶ ಇದೆ, ಆದ್ದರಿಂದ ಕೆಲಸದಲ್ಲಿದ್ದಾಗಲೇ ಹಾಕಬೇಕು ಅಂತೇನಿಲ್ಲ. ಹಣ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆಯೂ ಮಾಲೀಕರದ್ದೇ. ನೋಂದಾಯಿತ ಯೂನಿಯನ್ ಕೂಡ ನಿಮ್ಮ ಪರವಾಗಿ ಅರ್ಜಿ ಹಾಕಬಹುದು. ಒಬ್ಬರೇ ಹೋದರೆ ಮರುದಿನವೇ ನಿಮ್ಮನ್ನು ಜನರಲ್ ವಾರ್ಡ್‌ಗೆ ಎಸೆಯುತ್ತಾರೆ, ಏಳೆಂಟು ಜನ ಸಹಿ ಹಾಕಿ ಕೊಟ್ಟರೆ ಯೋಚನೆ ಮಾಡುತ್ತಾರೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಮೊದಲು ಫೋನ್ ಮಾಡಿ. ಓಟಿ (ಓವರ್‌ಟೈಮ್) ದುಡ್ಡು ಬಂದಾಗ ಇನ್ನೊಂದು ವಿಷಯ ನೋಡಿಕೊಳ್ಳಿ: ಓಟಿ ಸೇರಿಸಿ ಸಂಬಳ 21,000ದ ಮಿತಿ ದಾಟಿತು ಅಂತ ಹೇಳಿ ನಿಮ್ಮನ್ನು ಇಎಸ್‌ಐನಿಂದ (ಕಾರ್ಮಿಕರ ಆರೋಗ್ಯ ವಿಮೆಯಿಂದ) ಹೊರಗೆ ಹಾಕುವಂತಿಲ್ಲ.

ಸರ್ಟಿಫಿಕೇಟ್ ನಿಮ್ಮದು, ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ವೀಸಾಗೋ, ಪೋಸ್ಟ್ ಬೇಸಿಕ್ (ಡಿಪ್ಲೊಮಾ ಬಳಿಕದ ಬಿಎಸ್ಸಿ ನರ್ಸಿಂಗ್) ಅಡ್ಮಿಷನ್‌ಗೋ ಬೇಕು ಅಂತ ಬರೆದು ಕೇಳಿ, ಸ್ವೀಕೃತಿ ತಗೊಳ್ಳಿ. ಕೊಡದಿದ್ದರೆ ವಕೀಲರ ನೋಟಿಸ್ ಕಳಿಸಿ. ಓಟಿ ಜಗಳ ಶುರು ಮಾಡುವ ಮುಂಚೆ ಇದನ್ನು ಕೈಗೆ ತಗೊಳ್ಳಿ, ಹಿಂದುಮುಂದು ಮಾಡಬೇಡಿ.

ನನಗೆ ದುಡ್ಡಿಗಿಂತ ಜಾಸ್ತಿ ಚಿಂತೆ ಆಗಿರೋದು ಆ 18 ಗಂಟೆ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹನ್ನೆರಡೂವರೆ ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದಾಗ ನರ್ಸ್‌ಗಳಿಂದ ತಪ್ಪಾಗುವ ಸಾಧ್ಯತೆ ಮೂರು ಪಟ್ಟು ಕಂಡುಬಂತು. ನಿಮ್ಮ ಕೈಯಲ್ಲಿರೋದು ಪೊಟ್ಯಾಸಿಯಂ ಡ್ರಿಪ್, ಇನ್ಸುಲಿನ್, ಹೆಪಾರಿನ್. ಇನ್‌ಫ್ಯೂಷನ್ ಪಂಪಿನಲ್ಲಿ ಒಂದು ಸೊನ್ನೆ ಜಾಸ್ತಿ ಒತ್ತಿದರೆ ಸಾಕು. ಆಗ ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ನಿಮ್ಮ ಹೆಸರು ಇರುತ್ತೆ, ರೋಸ್ಟರ್ ಹಾಕಿದವರ ಹೆಸರು ಹುಡುಕಿದರೂ ಸಿಗಲ್ಲ. ಡಬಲ್ ಡ್ಯೂಟಿ ದಿನ ಇಂಥ ಔಷಧಿಗಳನ್ನು ಇನ್ನೊಬ್ಬರ ಹತ್ತಿರ ಚೆಕ್ ಮಾಡಿಸದೆ ಕೊಡಬೇಡಿ. ಆ ಇನ್ನೊಬ್ಬರು ಸಿಡುಕಿದರೂ ಪರವಾಗಿಲ್ಲ. ಮನೆಗೆ ಸ್ಕೂಟಿಯಲ್ಲಿ ಹೋಗಬೇಡಿ, ಆಟೋ ಹಿಡಿಯಿರಿ.

ಸ್ಟಾಫ್ ಇಲ್ಲ ಅನ್ನೋದು ಒಂದೊಂದು ದಿನ ನಿಜವೇ. ಬಸ್ ಅಪಘಾತವಾಗಿ ಒಟ್ಟಿಗೆ ಹತ್ತು ಜನ ಬಂದರೆ ಎಲ್ಲರೂ ನಿಲ್ಲುತ್ತೇವೆ, ಯಾರೂ ಗಡಿಯಾರ ನೋಡಲ್ಲ. ವಾರವಾರವೂ ಅದೇ ಕಾರಣ ಅಂದರೆ ಅವರು ಬೇಕಂತಲೇ ಕಡಿಮೆ ಜನರನ್ನು ಇಟ್ಟುಕೊಂಡಿದ್ದಾರೆ ಅಂತಲೇ ಲೆಕ್ಕ. ಕೇಂದ್ರದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ 1991-92ರಲ್ಲೇ ಐಸಿಯುಗೆ ಪ್ರತಿ ಶಿಫ್ಟಿನಲ್ಲೂ ಒಬ್ಬ ರೋಗಿಗೆ ಒಬ್ಬ ನರ್ಸ್, ಅದರ ಮೇಲೆ ರಜೆ, ಆಫ್‌ಗೆ ಅಂತ ಶೇ 45 ಹೆಚ್ಚುವರಿ ಸಿಬ್ಬಂದಿ ಅಂತ ಹೇಳಿತ್ತು. ಜ್ವರ, ಹೆರಿಗೆ, ಮದುವೆ ಎಲ್ಲ ಇದ್ದೇ ಇರುತ್ತೆ ಅಂತ ಗೊತ್ತಿದ್ದೇ ಹಾಕಿದ ಲೆಕ್ಕ ಅದು. 2016ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ರಚನೆಯಾದ ಸಮಿತಿಯೂ, 100 ಹಾಸಿಗೆಗಿಂತ ದೊಡ್ಡ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳ ಸಂಬಳಕ್ಕಿಂತ ಗರಿಷ್ಠ ಶೇ 10ರಷ್ಟು ಮಾತ್ರ ಕಡಿಮೆ ಕೊಡಬಹುದು, ಕೆಲಸದ ಅವಧಿಯೂ ರಜೆಯೂ ಸರ್ಕಾರಿ ಆಸ್ಪತ್ರೆಯಂತೆಯೇ ಇರಬೇಕು ಅಂದಿತು. ಅದು ಶಿಫಾರಸು ಅಷ್ಟೇ, ಅದಕ್ಕೇ ನಿಮ್ಮ 120 ಹಾಸಿಗೆಯ ಆಸ್ಪತ್ರೆ ಆರಾಮಾಗಿದೆ.

ಪ್ರಶ್ನೆ: ಇಂಗ್ಲೆಂಡಿನ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗೆ ಹೋಗುತ್ತಿದ್ದೇನೆ. ಅಲ್ಲಿ "48 ಗಂಟೆ ಆಪ್ಟ್ ಔಟ್" ಅಂತ ಒಂದು ಕಾಗದಕ್ಕೆ ಸಹಿ ಕೇಳುತ್ತಾರಂತೆ. ಹಾಕಬಹುದಾ?
- ಮಂಗಳೂರು

ಉತ್ತರ: ಹಾಕಲೇಬೇಕು ಅಂತಿಲ್ಲ, ಹಾಕದಿದ್ದರೆ ಕೆಲಸದಿಂದ ತೆಗೆಯುವಂತೆಯೂ ಇಲ್ಲ. ಅಲ್ಲಿ ಸಾಮಾನ್ಯವಾಗಿ 17 ವಾರದ ಸರಾಸರಿಯಲ್ಲಿ ವಾರಕ್ಕೆ 48 ಗಂಟೆ ಮಿತಿ. ಸಹಿ ಹಾಕಿದರೆ ಅದಕ್ಕಿಂತ ಜಾಸ್ತಿ ಮಾಡಲು ಒಪ್ಪಿದ ಹಾಗೆ. ಬೇಡ ಅನ್ನಿಸಿದರೆ ಬರೆದು ಕೊಟ್ಟು ವಾಪಸ್ ಪಡೆಯಬಹುದು, ಕನಿಷ್ಠ 7 ದಿನದ ನೋಟಿಸ್ ಬೇಕು. ಒಪ್ಪಂದದಲ್ಲಿ ಬರೆದಿದ್ದರೆ ಅದು 3 ತಿಂಗಳವರೆಗೂ ಇರಬಹುದು, ಅದನ್ನು ಓದಿಯೇ ಸಹಿ ಹಾಕಿ. ಪೂರ್ತಿ ಅವಧಿಯ ಕೆಲಸ ಅಲ್ಲಿ ವಾರಕ್ಕೆ 37.5 ಗಂಟೆ. ಅದು ಮೀರಿದ ಓವರ್‌ಟೈಮ್‌ಗೆ ಒಂದೂವರೆ ಪಟ್ಟು ಸಿಗುತ್ತೆ. "ಬ್ಯಾಂಕ್ ಶಿಫ್ಟ್" ಅಂತ ಮಾಡುವ ಹೆಚ್ಚುವರಿ ಡ್ಯೂಟಿಗೆ ಆ ದರವೇ ಸಿಗುತ್ತೆ ಅಂದುಕೊಳ್ಳಬೇಡಿ, ಅದರ ರೇಟು ಬೇರೆ. ಊರಿನ ಸಾಲ ತೀರಿಸುವ ಅವಸರದಲ್ಲಿ ಮೊದಲ ತಿಂಗಳಿಂದಲೇ ಬ್ಯಾಂಕ್ ಶಿಫ್ಟ್ ಹಿಡಿಯುವವರನ್ನು ತುಂಬಾ ನೋಡಿದ್ದೇನೆ. ಚಳಿ, ಹೊಸ ಉಚ್ಚಾರಣೆ, ಹೊಸ ಔಷಧಿ ಹೆಸರುಗಳು ಎಲ್ಲ ಒಟ್ಟಿಗೆ ಬರುತ್ತವೆ. ಓಎಸ್‌ಸಿಇ (ಅಲ್ಲಿನ ಪ್ರಾಯೋಗಿಕ ಪರೀಕ್ಷೆ) ಪಾಸಾಗಿ ಎನ್‌ಎಂಸಿ ಪಿನ್ (ಅಲ್ಲಿನ ನರ್ಸಿಂಗ್ ಕೌನ್ಸಿಲ್ ಕೊಡುವ ನೋಂದಣಿ ಸಂಖ್ಯೆ) ಕೈಗೆ ಬರುವ ತನಕ ಆ ಕಾಗದ ಹಾಗೇ ಇರಲಿ ಬಿಡಿ.