ಆ ಇಪ್ಪತ್ತು ನಿಮಿಷದ ಕತ್ತಲೇ ನಿಮ್ಮ ಲೇಖನ ಕಣ್ರೀ

ನಮಸ್ಕಾರ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿರೋ, ಇರಾನಿನ ಹಳೇ ಆರ್ಡಬಿಲ್ ಕಾರ್ಪೆಟ್ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ, ಬೇಜಾರ್ ಮಾಡ್ಕೋಬೇಡಿ, ಬಿಸಾಕೋ ಲೇಖನಾನೂ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ ಎರಡು ಪುಟದಲ್ಲಿ "ಅದ್ಭುತ" ಒಂಬತ್ತು ಸಲ ಬಂದಿದೆ, ಎಣಿಸ್ದೆ. ಆಮೇಲೆ ಮೂರನೇ ಪುಟದ ಮೂಲೇಲಿ ಒಂದೇ ಸಾಲು: "ದುರದೃಷ್ಟವಶಾತ್ ನಾವು ಹೋದಾಗ ಲೈಟ್ ಆಫ್ ಆಗಿತ್ತು, ಇಪ್ಪತ್ತು ನಿಮಿಷ ಕಾಯಬೇಕಾಯಿತು." ಅಯ್ಯೋ, ಇರೋ ಒಂದೇ ಕಥೆ ಇದು, ಇದನ್ನ ಹೋಗಿ ಅಲ್ಲಿ ಹೂತಿಟ್ಟಿದೀರಲ್ರೀ!

ದುರದೃಷ್ಟ ಅಲ್ಲ ಅದು, ಬೇಕಂತಲೇ ಲೈಟ್ ಆರಿಸ್ತಾರೆ. ಪ್ರತಿ ಅರ್ಧ ಗಂಟೆಗೊಂದ್ಸಲ, ಬರೀ 10 ನಿಮಿಷ ಲೈಟು. ಯಾಕಂದ್ರೆ ಬಣ್ಣ ಹಾಕಿದ ಉಣ್ಣೆಗೆ ಬಿದ್ದ ಬೆಳಕು ಖರ್ಚಾದ ದುಡ್ಡಿದ್ದ ಹಾಗೆ, ವಾಪಸ್ ಬರಲ್ಲ, ಇವತ್ತಿನದು ನಾಳೆದು ಎಲ್ಲ ಕೂಡ್ತಾ ಹೋಗತ್ತೆ. ಅರ್ಧ ಗಂಟೇಲಿ 10 ನಿಮಿಷ ಅಂದ್ರೆ ಮೂರನೇ ಒಂದು ಪಾಲು, ಮೂರು ವರ್ಷಕ್ಕೆ ಮುಗೀಬೇಕಾದ ಬೆಳಕನ್ನ ಒಂಬತ್ತು ವರ್ಷಕ್ಕೆ ಎಳೀತಿದಾರೆ, ನಮ್ಮ ಮನೇಲಿ ತಿಂಗಳ ಕೊನೇಲಿ ಎಣ್ಣೆ ಪ್ಯಾಕೆಟ್ ಎಳೆಯೋ ಹಾಗೆ. ನೀವು ಆ ಕತ್ತಲಲ್ಲಿ ನಿಂತಿದ್ರಿ, ಪಕ್ಕದಲ್ಲಿ ಯಾರಿದ್ರು, ಏನ್ ಗೊಣಗಿದ್ರು, ಲೈಟ್ ಬಂದಾಗ ಮೊದಲು ಯಾವ ಬಣ್ಣ ಕಾಣಿಸ್ತು? ಬರೀರಿ.

ಇನ್ನು ತಪ್ಪುಗಳು. "ಗಾಜು ಬೆಳಕಿನಿಂದ ಸಂಪೂರ್ಣ ರಕ್ಷಣೆ ನೀಡುತ್ತದೆ" ಅಂದಿದೀರ. ಇಲ್ಲ. ಕಣ್ಣಿಗೆ ಕಾಣದ ಯುವಿ ಕಿರಣ ತಡೆಯೋ ಫಿಲ್ಟರ್ ಹಾಕಿದ್ರೂ ಕಣ್ಣಿಗೆ ಕಾಣೋ ಬೆಳಕೇ ಬಣ್ಣ ತಿನ್ನತ್ತೆ, ಅದಕ್ಕೇ ಹಳೇ ಬಟ್ಟೆಗೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಮೇಲೆ ಹೋಗಬಾರ್ದು ಅಂತಾರೆ, ನೇರ ಬಿಸಿಲು ಒಂದು ಲಕ್ಷ ಲಕ್ಸ್ ಇರತ್ತೆ, ಹೋಲಿಸಿ ನೋಡಿ. ಗಾಜು ತಡೆಯೋದು ಧೂಳು, ಹುಳ, ನಮ್ಮ ಕೈ. ಅದೂ ಸರಿಯಾಗಿ ಹಾಕಿದ್ರೆ. ನಮ್ಮಜ್ಜಿ ಧಾರೆ ಸೀರೇನ ಒಬ್ರ ಹತ್ರ ಫ್ರೇಮ್ ಹಾಕಿಸಿದ್ವಿ, ಗಾಜನ್ನ ಸೀರೆಗೆ ಒತ್ತಿ ಕೂರಿಸಿದ್ರು, ಮಲೆನಾಡಿನ ಒಂದೇ ಮಳೆಗಾಲ ಸಾಕಾಯ್ತು, ಗಾಜಿನ ಒಳಗೆ ಹನಿ ಕಟ್ಟಿ ಸೆರಗೆಲ್ಲ ಬೂಷ್ಟು, ಅಮ್ಮ ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಮಾತಾಡಲ್ಲ. ಗಾಜಿಗೂ ಬಟ್ಟೆಗೂ ಮಧ್ಯ ಜಾಗ ಬಿಡಬೇಕಿತ್ತು, ಅಷ್ಟೇ. ಗಾಜು ಭಾರ ಅಂತ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ಹಾಳೆ ಹಾಕಿದ್ರೆ ಇನ್ನೊಂದು ತಲೆನೋವು, ಅದು ಉಜ್ಜಿದಾಗ ಹುಟ್ಟೋ ಸ್ಟಾಟಿಕ್ ಕರೆಂಟಿಗೆ ಸಡಿಲವಾದ ಎಳೆಗಳನ್ನೆಲ್ಲ ಮೇಲಕ್ಕೆ ಎಳ್ಕೊಳತ್ತೆ.

"ರೇಷ್ಮೆ ಕಾರ್ಪೆಟ್" ಅಂತ ಬರ್ದಿದೀರ, ಹಾಸು ಹೊಕ್ಕು ರೇಷ್ಮೆ, ಮೇಲಿನ ಗಂಟೆಲ್ಲ ಉಣ್ಣೆ. 10.5 ಮೀಟರ್ ಉದ್ದ, 5.3 ಮೀಟರ್ ಅಗಲ ಅಂದ್ರೆ ಓದೋರಿಗೆ ಏನೂ ಕಾಣಲ್ಲ, ಲೆಕ್ಕ ಹಾಕಿದ್ರೆ ವಿಸ್ತೀರ್ಣ ಹೆಚ್ಚುಕಮ್ಮಿ ಬೆಂಗಳೂರಿನ 20×30 ಸೈಟಿನಷ್ಟು! ಹಾಗೆ ಹೇಳಿ. ಅಷ್ಟು ದೊಡ್ಡದನ್ನ ಮೊದಲು ಬಹಳ ವರ್ಷ ಗೋಡೆಗೆ ತೂಗಿದ್ರು, ತನ್ನ ಭಾರ ತಾನೇ ಹೊತ್ಕೊಂಡು, 2006ರಲ್ಲಿ ನೆಲಕ್ಕಿಳಿಸಿ ಸುತ್ತ ಗಾಜಿನ ಪೆಟ್ಟಿಗೆ ಕಟ್ಟಿದ್ರು, ನೆಲದ ಮೇಲೆ ಹಾಸಕ್ಕೇ ನೇಯ್ದಿದ್ದು ತಾನೇ. 1893ರಲ್ಲಿ 2000 ಪೌಂಡಿಗೆ ಕೊಂಡಿದ್ದು, ಇದರ ಜೋಡಿ ಕಾರ್ಪೆಟ್ಟನ್ನ ಕತ್ತರಿಸಿ ಇದಕ್ಕೆ ತೇಪೆ ಹಾಕಿದ್ದು, ಉಳಿದದ್ದು ಲಾಸ್ ಏಂಜಲೀಸಲ್ಲಿರೋದು, ಇದೆಲ್ಲ ಒಂದು ಪ್ಯಾರಾ ಸಾಕು.

ಕೊನೇಲಿ ಟಿಪ್ಪು ಡೇರೆ ತಂದಿದ್ದು ಯಾಕೆ? ವೇಲ್ಸಿನ ಪೋವಿಸ್ ಕ್ಯಾಸಲ್ಲಿನಲ್ಲಿರೋ ಆ ಚಿಂಟ್ಸ್ (ಹೂವಿನ ಚಿತ್ತಾರದ ಹತ್ತಿಬಟ್ಟೆ) ಡೇರೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ಮೇಲೆ ಅಲ್ಲಿಗೆ ಹೋಗಿ ಗಾರ್ಡನ್ ಪಾರ್ಟಿಗೆಲ್ಲ ಹಾಕ್ತಿದ್ರಂತೆ, ಅದೇ ಬೇರೆ ಲೇಖನ, ಅದೂ ಕಳ್ಸಿ, ಇಲ್ಲಿಂದ ತೆಗೀರಿ.

ಫೋಟೋ ಒಂದು ಮಾತು. ಕಾರ್ಪೆಟ್ಗಿಂತ ಜಾಸ್ತಿ ಗಾಜಲ್ಲಿ ನಿಮ್ಮ ಮುಖ, ಮೊಬೈಲೇ ಕಾಣ್ತಿದೆ. ಒಳಗೆ ಕತ್ತಲಿದ್ದು ಹೊರಗೆ ಬೆಳಕಿದ್ರೆ ಗಾಜು ಕನ್ನಡಿ ಆಗತ್ತೆ, ಲೈಟ್ ಆರಿದ್ದಾಗ ತೆಗ್ದಿದ್ದು ತಾನೇ? ಡಿಲೀಟ್ ಮಾಡ್ಬೇಡಿ ಅದನ್ನ, ಹೊಸ ಡ್ರಾಫ್ಟ್ ಜೊತೆ ದೊಡ್ಡ ಸೈಜಲ್ಲಿ ಕಳ್ಸಿ, ಅದನ್ನೇ ಹಾಕೋಣ.